ಸುಬ್ಬಮ್ಮನ ಷರತ್ತು ಮತ್ತು ಹದಿನಾಲ್ಕು ಪಾಯಿಂಟ್ ಏಳು

ಕಾಂತರಾಜು ಕಾರು ಕೊಂಡದ್ದು ಕಾರಿಗಾಗಿ ಅಲ್ಲ, ಅದರೊಳಗಿದ್ದ ಮೀಟರಿಗಾಗಿ ಎಂದು ಅವನ ಹೆಂಡತಿ ಮೇಘಶ್ರೀ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಇದು ಪೂರ್ತಿ ನಿಜವಲ್ಲ. ಕಾರು ಕೊಂಡದ್ದು ಅವನ ತಾಯಿ ಸುಬ್ಬಮ್ಮನಿಗಾಗಿ. ಸುಬ್ಬಮ್ಮನ ಎರಡು ಕಿಡ್ನಿಗಳೂ ಕೆಲಸ ನಿಲ್ಲಿಸಿ ವರ್ಷವಾಗಿತ್ತು. ದಿನ ಬಿಟ್ಟು ದಿನ ಆಕೆಯನ್ನು ಹೊಳೆನರಸೀಪುರದಿಂದ ಹಾಸನಕ್ಕೆ ಕರೆದೊಯ್ದು ಡಯಾಲಿಸಿಸ್ ಮಾಡಿಸಬೇಕು. ಹೋಗುವಾಗ ಬಸ್ಸಿನಲ್ಲಿ ಹೇಗೋ ಹೋಗಬಹುದಿತ್ತು. ಬರುವಾಗ ಆಕೆ ಹಿಂಡಿದ ಬಟ್ಟೆಯಂತಾಗಿರುತ್ತಿದ್ದಳು. ಅಂಥವರಿಗೆ ಬಸ್ಸಿನಲ್ಲಿ ಸೀಟು ಬಿಡುವವರು ನಮ್ಮ ಕಡೆ ಇನ್ನೂ ಇದ್ದಾರೆ. ಆದರೆ ದಿನ ಬಿಟ್ಟು ದಿನ ಬಿಡುವವರಿಲ್ಲ.

ಹಾಗಿದ್ದರೂ ಮೀಟರಿನ ಮಾತು ಸುಳ್ಳಲ್ಲ. ಸಕಲೇಶಪುರದ ಕಡೆಯ ಒಬ್ಬ ರೇಸಿನ ಹುಚ್ಚಿನವನು ಈ ಹಳೆಯ ಕಾರಿನ ಡ್ಯಾಷ್‌ಬೋರ್ಡಿನ ಮೇಲೆ ಒಂದು ದುಂಡನೆಯ ಮೀಟರು ಕೂರಿಸಿದ್ದ. ಹೊಗೆ ಪೈಪಿನೊಳಗೆ ಆಕ್ಸಿಜನ್ ಸೆನ್ಸರ್ ಎಂಬ ಬೆರಳುದ್ದದ ಸಾಮಾನು ಇರುತ್ತದೆ. ಎಂಜಿನ್ನು ಉರಿಸಿ ಬಿಟ್ಟ ಹೊಗೆಯನ್ನು ಅದು ಮೂಸಿ ನೋಡುತ್ತದೆ. ಮೂಸಿದ್ದನ್ನು ಮೀಟರಿಗೆ ತಿಳಿಸುತ್ತದೆ. ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಸೇರಿತೆಂದು ಮೀಟರು ಕೆಂಪು ಅಂಕಿಯಲ್ಲಿ ತೋರಿಸುತ್ತದೆ. ಹದಿನಾಲ್ಕು ಪಾಯಿಂಟ್ ಏಳು ಬಂದರೆ ಎಂಜಿನ್ನಿನ ಊಟವೂ ಉಸಿರೂ ಸರಿಯಾಗಿವೆ ಎಂದರ್ಥ. ಕೆಳಗಿಳಿದರೆ ಪೆಟ್ರೋಲು ಹೆಚ್ಚು, ಮೇಲೇರಿದರೆ ಗಾಳಿ ಹೆಚ್ಚು. ಬೇರೆಯವರ ಕಾರುಗಳಲ್ಲಿ ಈ ಮೀಟರು ಇರುವುದಿಲ್ಲ. ಅವರು ಸುಖವಾಗಿದ್ದಾರೆ.

ಕಾಂತರಾಜು ಸಹಕಾರ ಸಂಘವೊಂದರಲ್ಲಿ ಗುಮಾಸ್ತ. ಹಗಲು ದುಡಿದು, ಹಾಸನದ ಸಂಜೆ ಕಾಲೇಜಿನಲ್ಲಿ ಕೂತು ಡಿಗ್ರಿ ಮಾಡಿಕೊಂಡವನು. ಹಾಗೆ ಓದಿದವರಿಗೆ ಅಂಕಿಯ ಮೇಲೆ ಒಂದು ಭಯಭಕ್ತಿ ಇರುತ್ತದೆ. ಆ ಮೀಟರು ಕಂಡೊಡನೆ ಅವನು, ಟೈರನ್ನೂ ನೋಡದೆ, "ಇದೇ ಇರಲಿ" ಅಂದುಬಿಟ್ಟ.

ಕಾರು ಮನೆಗೆ ಬಂದ ದಿನ ಸುಬ್ಬಮ್ಮ ಅದಕ್ಕೆ ನೀವಾಳಿಸಿದಳು. ಆಮೇಲೆ ಒಂದು ನಿಂಬೆಹಣ್ಣು, ಒಂದಷ್ಟು ಹಸಿಮೆಣಸಿನಕಾಯಿ ಪೋಣಿಸಿ ಮಗನ ಕೈಗಿಟ್ಟು, "ಮುಂದುಕ್ಕೆ ಕಟ್ಟು, ದೃಷ್ಟಿ ತಾಕ್ಬಾರ್ದು" ಅಂದಳು.

ಕಾಂತರಾಜುವಿಗೆ ಸಂಕಟವಾಯಿತು. ಒಳಗೆ ಗಾಳಿ-ಪೆಟ್ರೋಲಿನ ಅನುಪಾತ ತೋರಿಸುವ ಮೀಟರು, ಹೊರಗೆ ನಿಂಬೆಹಣ್ಣು! ಸಂಘದ ಸೆಕ್ರೆಟರಿ ನೋಡಿದರೆ ಏನೆಂದಾರು? ತಾಯಿಯ ಮಾತು ಮೀರುವ ಧೈರ್ಯವೂ ಅವನಿಗಿರಲಿಲ್ಲ. ಆದ್ದರಿಂದ ಬಾನೆಟ್ ಎತ್ತಿ, ಎಂಜಿನ್ನಿನ ಮರೆಯಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ, ಒಂದು ರಬ್ಬರ್ ಪೈಪಿಗೆ ಕಟ್ಟಿದ. ದಾರವಾದರೆ ಶಾಖಕ್ಕೆ ಸುಟ್ಟುಹೋದೀತೆಂದು, ಕಟ್ಟಡದವರು ಕಬ್ಬಿಣದ ಸರಳಿಗೆ ಬಿಗಿಯುವ ಬೈಂಡಿಂಗ್ ವೈರ್ ಬಳಸಿದ. ಅವನು ಯಾವ ಕೆಲಸವನ್ನೂ ಅರೆಮನಸ್ಸಿನಿಂದ ಮಾಡುವವನಲ್ಲ.

"ಕಟ್ಟಿದ್ಯೇನ್ಲಾ?"

"ಕಟ್ಟಿದೆ ಅವ್ವ."

"ಬಿಗಿಯಾಗಿ?"

"ಬಿಗಿಯಾಗೇ ಕಟ್ಟಿದೀನಿ."

ಈ ಎರಡು ಉತ್ತರಗಳಲ್ಲಿ ಒಂದೂ ಸುಳ್ಳಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಸಕ್ಕರೆ ಕಾಯಿಲೆಯಿಂದ ಸುಬ್ಬಮ್ಮನ ಕಣ್ಣು ಮಂಜಾಗಿತ್ತು. ಆಕೆ ಮುಂದೆ ಹೋಗಿ ನೋಡಲಿಲ್ಲ. ಅಮಾವಾಸ್ಯೆಗೊಮ್ಮೆ ಹೊಸ ನಿಂಬೆಹಣ್ಣು ಪೋಣಿಸಿ ಕೊಡುತ್ತಿದ್ದಳು. ಅಮಾವಾಸ್ಯೆಗೊಮ್ಮೆ ಕಾಂತರಾಜು ಹಳೆಯದನ್ನು ಕಿತ್ತು ಹೊಸದನ್ನು ಸಿಕ್ಕಿಸಿ, ಇಕ್ಕುಳ ಹಿಡಿದು ವೈರನ್ನು ಇನ್ನೊಂದು ಸುತ್ತು ಬಿಗಿಯುತ್ತಿದ್ದ.

ಮಾಗಿಯ ಚಳಿ ಶುರುವಾಗುವ ಹೊತ್ತಿಗೆ ಕಾರಿಗೆ ಒಂದು ವಿಚಿತ್ರ ರೋಗ ಬಂತು. ಓಡುವಾಗ ಚೆನ್ನಾಗಿಯೇ ಓಡುವುದು. ರಸ್ತೆಯುಬ್ಬು ಬಂದು ನಿಧಾನ ಮಾಡಿದರೆ ಸಾಕು, ಮೀಟರು ಹದಿನೈದು, ಹದಿನಾರು, ಹದಿನೇಳು ಎಂದು ಏರುವುದು, ಎಂಜಿನ್ನು ಜ್ವರ ಬಂದವರ ಹಾಗೆ ನಡುಗುವುದು, ಆಮೇಲೆ ನಿಂತುಬಿಡುವುದು. ಒಮ್ಮೆ ಹಾಸನದ ಸರ್ಕಲ್ಲಿನ ನಟ್ಟನಡುವೆ ನಿಂತಿತು. ಇನ್ನೊಮ್ಮೆ ಡಯಾಲಿಸಿಸ್ ಮುಗಿಸಿ ಬರುವಾಗ, ಮರವೇ ಇಲ್ಲದ ಕಡೆ, ನಡುಮಧ್ಯಾಹ್ನದ ಬಿಸಿಲಿನಲ್ಲಿ ನಿಂತಿತು. ಒಂದು ಗುಟುಕು ನೀರನ್ನೂ ಲೆಕ್ಕಹಾಕಿ ಕುಡಿಯಬೇಕಾದ ಸುಬ್ಬಮ್ಮ ಅಲ್ಲಿ ಸೆರಗು ತಲೆಗೆ ಹೊದ್ದುಕೊಂಡು ಕೂತಿದ್ದಳು. ಅಲ್ಲಿಯೇ ಆಕೆ ತನ್ನ ಷರತ್ತನ್ನು ಹೇಳಿದ್ದು.

"ಲೇ ಕಾಂತ, ಕೇಳ್ಕೋ. ಇನ್ನೊಂದ್ ಸಲ ಇದು ದಾರೀಲಿ ನಿಂತ್ರೆ, ನಾನು ಅಲ್ಲಿಂದ್ಲೇ ಮನೆ ಕಡೀಕೆ. ಆಮ್ಯಾಕೆ ಆಸನದ್ ಮಾತು ಎತ್ಬ್ಯಾಡ. ಆ ದೇವ್ರೇ ಓಗ್ಬ್ಯಾಡ ಅಂತ ಅಡ್ಡ ನಿಂತ್ಮ್ಯಾಲೆ, ನಾವ್ಯಾಕೆ ಓಗಿ ಕೈ ಚುಚ್ಚುಸ್ಕೊಳಾದು? ಸಾಕು ಕಣ್ಲಾ."

"ಅವ್ವ, ಅದು ದೇವರಲ್ಲ, ಸೆನ್ಸರ್ರು."

"ಯಾರಾದ್ರೂ ಆಗ್ಲಿ."

ಸುಬ್ಬಮ್ಮ ಒಂದು ಮಾತು ಹೇಳಿ ತಪ್ಪಿದ್ದನ್ನು ಹೊಳೆನರಸೀಪುರದಲ್ಲಿ ಯಾರೂ ಕಂಡಿಲ್ಲ. ಇನ್ನು ಆಸ್ಪತ್ರೆಯ ಡಾಕ್ಟರು ಮೊದಲೇ ಹೇಳಿದ್ದರು: ಒಂದು ಸಲ ತಪ್ಪಿದರೆ ಕಷ್ಟ, ಎರಡು ಸಲ ತಪ್ಪಿದರೆ ಮೂರನೆಯದಕ್ಕೆ ಬರಬೇಕಾದ ಅಗತ್ಯ ಬೀಳುವುದಿಲ್ಲ. ಹೀಗೆ, ಯಾವನೋ ರೇಸಿನ ಹುಚ್ಚಿನವನು ಕೂರಿಸಿದ ಮೀಟರಿನ ಅಂಕಿಗೂ ಸುಬ್ಬಮ್ಮನ ಆಯುಸ್ಸಿಗೂ ಗಂಟು ಬಿತ್ತು.

ಮರುದಿನವೇ ಕಾಂತರಾಜು ರಜೆ ಹಾಕಿ ಮೆಕ್ಯಾನಿಕ್ ಪುಟ್ಟರಾಜುವಿನ ಗ್ಯಾರೇಜಿಗೆ ಹೋದ. ಪುಟ್ಟರಾಜು ಬಾನೆಟ್ ಎತ್ತಿದ. ಒಳಗೆ ಏನನ್ನೋ ಕಂಡು ಒಂದು ಕ್ಷಣ ತಡೆದು, ಎರಡು ಬೆರಳನ್ನು ಕಣ್ಣಿಗೊತ್ತಿಕೊಂಡು, ಆಮೇಲೆ ಕೆಲಸಕ್ಕೆ ಕೈಹಾಕಿದ. ಕೆಲಸಕ್ಕೆ ಮೊದಲು ನಮಸ್ಕರಿಸುವ ಮೆಕ್ಯಾನಿಕ್ಕು ಈ ಕಾಲದಲ್ಲೂ ಇದ್ದಾನಲ್ಲ ಎಂದು ಕಾಂತರಾಜುವಿಗೆ ತುಸು ಸಮಾಧಾನವಾಯಿತು.

"ಸೆನ್ಸರ್ ಓಗದೆ ಸಾ," ಅಂದ ಪುಟ್ಟರಾಜು. "ಒಸಾದು ಆಕ್ಬೇಕು."

ಹೊಸ ಸೆನ್ಸರು ಬೆಂಗಳೂರಿನಿಂದ ಬಂತು. ಹಾಕಿದರು. ಎಂಜಿನ್ನು ಚಾಲೂ ಮಾಡಿ, ಇಬ್ಬರೂ ಉಸಿರು ಬಿಗಿಹಿಡಿದು ಮೀಟರು ನೋಡಿದರು. ಹದಿನೇಳು.

"ಅಂಗಾರೆ ಮೀಟ್ರು ಕೆಟ್ಟದೆ ಸಾ."

"ಮೀಟರು ಕೆಟ್ಟರೆ ಕಾರು ಯಾಕಯ್ಯ ನಿಲ್ಲುತ್ತೆ?"

ಪುಟ್ಟರಾಜು ಗಂಭೀರವಾಗಿ ಯೋಚಿಸಿದ. "ಮೀಟ್ರು ನೋಡ್ಕಂಡು ಎದ್ರುಕಂಡ್ ನಿಲ್ತಾ ಇರ್ಬೇಕು. ಒಂದ್ ಸ್ಟಿಕ್ಕರ್ ಅಂಟ್ಸಿ ಮುಚ್ಬುಡಾನ ಸಾ. ನಿಮ್ಗೂ ನೆಮ್ದಿ."

ಕಾಂತರಾಜು ಒಪ್ಪಲಿಲ್ಲ. ಮನೆಗೆ ಬಂದು ಮೊಬೈಲಿನಲ್ಲಿ ಒಂದರ ಮೇಲೊಂದು ವಿಡಿಯೋ ನೋಡಿದ. ಸೆನ್ಸರನ್ನು ಬಿಚ್ಚಿ ಶುದ್ಧ ಗಾಳಿಯಲ್ಲಿ ಹಿಡಿದರೆ, ಅದು ತನ್ನ ಲೆಕ್ಕವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ ಎಂದು ಒಬ್ಬ ಹೇಳಿದ. ಆದ್ದರಿಂದ ಭಾನುವಾರ ಬೆಳಿಗ್ಗೆ ಅವನು ಅಂಗಳದಲ್ಲಿ ಸೆನ್ಸರು ಬಿಚ್ಚಿ, ವೈರಿನ ಸಮೇತ ಅಂಗೈಯಲ್ಲಿಟ್ಟುಕೊಂಡು, ಗಾಳಿ ಎಲ್ಲ ಕಡೆಯಿಂದಲೂ ತಾಕಲಿ ಎಂದು ಮೆಲ್ಲಗೆ ಸುತ್ತುತ್ತ ನಿಂತ.

ಪಕ್ಕದ ಮನೆಯ ಶ್ರೀರಂಗಮ್ಮನವರು ದೇವಸ್ಥಾನದಿಂದ ಬರುತ್ತಿದ್ದವರು ಗೇಟಿನಲ್ಲಿ ನಿಂತರು. ಸ್ವಲ್ಪ ಹೊತ್ತು ಭಕ್ತಿಯಿಂದ ನೋಡಿದರು.

"ಕಾಂತರಾಜು, ಪಕ್ಷಕ್ಕೊಮ್ಮೆ ಮಾಡಬೇಕೋ ಅಥವಾ ದಿನಾ ಮಾಡಬೇಕೋ?"

"ಏನನ್ನಮ್ಮ?"

"ಈ ಆರತಿ. ಗಂಟೆ ಬಾರಿಸೋರು ಯಾರೂ ಇಲ್ಲದೆ ಒಬ್ಬರೇ ಮಾಡ್ತಾ ಇದ್ದೀರಿ. ತಾಳಿ, ಒಳಗಿಂದ ತರ್ತೀನಿ."

"ನನ್ನ ಯಜಮಾನ್ರು ದೇವರನ್ನ ನಂಬಲ್ಲಮ್ಮ, ಮೀಟರನ್ನ ಮಾತ್ರ," ಎಂದು ಮೇಘಶ್ರೀ ಕಿಟಕಿಯಿಂದ ಹೇಳಿದಳು. ಸೆನ್ಸರನ್ನು ಮತ್ತೆ ಕೂರಿಸಿದಾಗ ಮೀಟರು ಹದಿನೇಳೂವರೆ ತೋರಿಸಿತು.

ಮೇಘಶ್ರೀಯ ತಮ್ಮ ನಟರಾಜು ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರಿ. ಲೋಕದ ಎಲ್ಲ ಕೆಡುಕೂ ಕಲಬೆರಕೆಯಿಂದಲೇ ಎಂಬುದು ಅವನ ಸಿದ್ಧಾಂತ. ಅತ್ತಿಗೆಯ ಬಾಯಿ, ಕೊಬ್ಬರಿಯ ರೇಟು, ಮಳೆ, ಯಾವುದು ಕೆಟ್ಟರೂ ಅವನಿಗೆ ಅದೇ ಕಾರಣ. ಅಕ್ಕನ ಫೋನು ಬಂದೊಡನೆ, ಸುಬ್ಬಮ್ಮನಿಗೆಂದು ಒಂದು ಗೊನೆ ಎಳನೀರು ಹಾಕಿಕೊಂಡು ಬಂದ. ಕಿಡ್ನಿಯವರು ಎಳನೀರು ಮುಟ್ಟಕೂಡದೆಂದು ಅವನಿಗೆ ಪ್ರತಿ ಸಲ ಹೇಳುತ್ತಾರೆ. ಪ್ರತಿ ಸಲ ಅವನು ತರುತ್ತಾನೆ. ಸುಬ್ಬಮ್ಮ ಒಂದನ್ನು ಕೈಯಲ್ಲಿ ಹಿಡಿದು, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ನೀರಿನ ಸದ್ದು ಕೇಳಿ, ಕೆಳಗಿಡುತ್ತಾಳೆ.

"ಭಾವ, ಪೆಟ್ರೋಲಲ್ಲೇ ಮೋಸ," ಎಂದು ನಟರಾಜು ಬಾನೆಟ್ ಎತ್ತಿದ. ಒಳಗೆ ನೋಡಿದವನು ಚಪ್ಪಲಿ ಬಿಟ್ಟು ಬಂದು ಮತ್ತೆ ನೋಡಿದ. "ಎಲ್ಲಾ ನೀಟಾಗಿ ಮಡಗಿದೀರ, ಒಳ್ಳೇದಾಯ್ತು. ಒಳಗಡೆ ಏನೂ ದೋಷ ಇಲ್ಲ. ಪೆಟ್ರೋಲ್ ಬದಲಾಯ್ಸಿ."

ಟ್ಯಾಂಕು ಬರಿದು ಮಾಡಿ ಚನ್ನರಾಯಪಟ್ಟಣದ ಪೆಟ್ರೋಲು ತುಂಬಿಸಿದರು. ಕಾರು ಅದನ್ನು ಕುಡಿದು ಹದಿನೇಳು ತೋರಿಸಿತು. ಬೇರೆ ಊರಿನ ಪೆಟ್ರೋಲಿಗೆ ಅದು ಅರ್ಧ ಪಾಯಿಂಟು ಮರ್ಯಾದೆ ಕೊಟ್ಟಿತ್ತು.

ಇನ್ನು ಸರ್ಕಾರದ ಪ್ರಮಾಣವೇ ಗತಿ ಎಂದು ಕಾಂತರಾಜು ಹಾಸನದ ಹೊರಗೆ, ರಸ್ತೆ ಪಕ್ಕದಲ್ಲಿ ನಿಂತಿದ್ದ ಹೊಗೆ ತಪಾಸಣೆಯ ವ್ಯಾನಿನ ಹತ್ತಿರ ಹೋದ. ಒಳಗೆ ಕೂತಿದ್ದವನು ಟೀ ಕುಡಿಯುತ್ತ, "ಗಾಡಿ ನಂಬರ್ ಹೇಳಿ," ಅಂದ.

"ಟೆಸ್ಟ್ ಮಾಡಬೇಕಿತ್ತು."

"ಅದ್ನೇ ಮಾಡ್ತಿರಾದು. ನಂಬರ್ ಹೇಳಿ."

"ಹಾಗಲ್ಲ. ಹೊಗೆ ಪೈಪಿನೊಳಗೆ ಕಡ್ಡಿ ಇಟ್ಟು ನಿಜವಾಗಿ ನೋಡಬೇಕು."

ಅವನ ಕೈಯ ಲೋಟ ಅರ್ಧದಲ್ಲೇ ನಿಂತಿತು. ಕಾಂತರಾಜುವಿನ ಇಸ್ತ್ರಿ ಮಾಡಿದ ಅಂಗಿ, ಜೇಬಿನ ಪೆನ್ನು, ಮುಖದ ಚಿಂತೆ, ಎಲ್ಲವನ್ನೂ ನೋಡಿದ. ಎದ್ದುನಿಂತ. "ಮೇಲಿನ ಆಫೀಸಿಂದ ಬಂದಿದೀರ, ಸಾ? ಮೊದ್ಲೇ ಹೇಳ್ಬಾರ್ದಾ? ಕೂತ್ಕಳಿ ಸಾ. ಟೀ ತರ್ಸ್ಲಾ?"

"ಇಲ್ಲಪ್ಪ, ನನ್ನ ತಾಯಿಗೆ ಡಯಾಲಿಸಿಸ್..."

"ತಾಯಿ ಎಲ್ರಿಗೂ ಒಬ್ರೇ ಸಾ. ನಂಗೂ ಅವ್ರೆ. ನನ್ ಕೆಲ್ಸದ ಮ್ಯಾಲೆ ಕಣ್ಣಾಕ್ಬೇಡಿ."

ಅವನು ಧೂಳು ಕೊಡವಿ ಯಂತ್ರ ಹೊರತೆಗೆದ, ಕಡ್ಡಿ ಇಟ್ಟ, ಎಂಜಿನ್ನು ಜೋರು ಮಾಡಿಸಿದ, ನಾಲ್ಕು ಸಲ ಅಳೆದ. ಕೊನೆಗೆ ಎರಡೂ ಕೈಯಲ್ಲಿ ಚೀಟಿ ಹಿಡಿದು ಕೊಟ್ಟ. "ಗಾಡಿ ಬೆಳ್ಳಗದೆ ಸಾ. ನಮ್ ವ್ಯಾನೂ ಬೆಳ್ಳಗದೆ. ಅಂಗಂತ ಬರ್ಕೊಳಿ ಸಾ." ಕಾರು ಪಾಸಾಗಿತ್ತು. ವ್ಯಾನಿನ ಮುಂದಿನ ರಸ್ತೆಯುಬ್ಬಿನಲ್ಲಿ ನಿಂತುಹೋಯಿತು. ಸುಬ್ಬಮ್ಮ ಅದರಲ್ಲಿ ಇರಲಿಲ್ಲವಾದ್ದರಿಂದ ಆ ನಿಲುಗಡೆ ಷರತ್ತಿಗೆ ಸೇರಲಿಲ್ಲ.

ಷರತ್ತು ಹೇಳಿದ ಮೇಲೆ ಸುಬ್ಬಮ್ಮನನ್ನು ಕರೆದೊಯ್ಯುವ ಒಂದೊಂದು ಸಲವೂ ಕಾಂತರಾಜುವಿಗೆ ಪರೀಕ್ಷೆಯಾಯಿತು. ನಿಧಾನ ಮಾಡಿದರೆ ತಾನೇ ನಿಲ್ಲುವುದು? ಅವನು ನಿಧಾನವನ್ನೇ ಬಿಟ್ಟ. ರಸ್ತೆಯುಬ್ಬುಗಳ ಮೇಲೆ ಹಾರಿದ. ಎಮ್ಮೆಗಳು ದಾಟುವಾಗ, ಒಂದು ಕಾಲು ಬ್ರೇಕಿನ ಮೇಲೆ, ಇನ್ನೊಂದು ಆಕ್ಸಿಲರೇಟರಿನ ಮೇಲೆ ಇಟ್ಟು ಎಂಜಿನ್ನನ್ನು ಭೋರ್ಗರೆಸಿದ. ಎಮ್ಮೆ ಕಾಯುವವರು ಅವನ ವಂಶವನ್ನೆಲ್ಲ ನೆನೆದರು. ಸುಬ್ಬಮ್ಮ ಪಕ್ಕದ ಸೀಟಿನಲ್ಲಿ ಎಗರಿ ಎಗರಿ ಬೀಳುತ್ತ, "ನಿಲ್ಲುತ್ತೇನ್ಲಾ?" ಎಂದು ಕೇಳುವಳು. ಆ ದನಿಯಲ್ಲಿ ಭಯವಿರಲಿಲ್ಲ. ಅದೇ ಕಾಂತರಾಜುವಿನ ಭಯ.

ಡಯಾಲಿಸಿಸ್ ವಾರ್ಡಿನಲ್ಲಿ ಸುಬ್ಬಮ್ಮನ ಪಕ್ಕದ ಮಂಚ ಚಂದ್ರಯ್ಯನದು. ಅರಕಲಗೂಡಿನ ಕಡೆಯ ಹೊಗೆಸೊಪ್ಪಿನ ಬೆಳೆಗಾರ. ಆ ವಾರ್ಡಿನಲ್ಲಿ ಯಾರೂ ಯಾರನ್ನೂ "ಚೆನ್ನಾಗಿದ್ದೀರಾ" ಎಂದು ಕೇಳುವುದಿಲ್ಲ; ಅದು ಅಪಹಾಸ್ಯದಂತಾಗುತ್ತದೆ. "ಎಷ್ಟು ಬಂತು" ಎಂದು ಕೇಳುತ್ತಾರೆ. ಕ್ರಿಯಾಟಿನಿನ್ ಎಷ್ಟು, ತೂಕ ಎಷ್ಟು, ಬಿಪಿ ಎಷ್ಟು. ಕಾಂತರಾಜುವಿನ ಮುಖ ನೋಡಿ ಚಂದ್ರಯ್ಯ ಕಾರನ್ನೂ ಆ ಪಟ್ಟಿಗೆ ಸೇರಿಸಿಕೊಂಡಿದ್ದ.

"ಕಾರಿಗೆ ಎಷ್ಟ್ ಬಂತಪ್ಪ ಇವತ್ತು?"

"ಹದಿನೇಳೂವರೆ."

"ಅಯ್ಯೋ ಶಿವನೇ! ನಂಗೇ ಒಂಬತ್ತು. ನಂಗಿಂತ ಅದ್ಕೇ ಜಾಸ್ತಿ ಆಗದಲ್ಲ! ನಾರ್ಮಲ್ ಎಷ್ಟಿರ್ಬೇಕು?"

"ಹದಿನಾಲ್ಕು ಪಾಯಿಂಟ್ ಏಳು."

"ಏನ್ ಪುಣ್ಯ ಮಾಡದೆ ನೋಡು! ಅದ್ಕೆ ಹದ್ನಾಕು ನಾರ್ಮಲ್ಲು, ನಮ್ಗೆ ಒಂದು ದಾಟಂಗಿಲ್ಲ."

ಅಷ್ಟರಲ್ಲಿ ವಾರ್ಡಿನ ಆ ತುದಿಯಿಂದ ನರ್ಸಮ್ಮ ಓಡಿಬಂದಳು. "ಹದಿನಾಲ್ಕು ಪಾಯಿಂಟ್ ಏಳು? ಹಿಮೋಗ್ಲೋಬಿನ್ನಾ? ಈ ವಾರ್ಡಿನಲ್ಲಾ? ಯಾರಿಗೆ ಬಂತು?" ಆ ವಾರ್ಡಿನಲ್ಲಿ ಯಾರ ರಕ್ತದ ಅಂಕಿಯೂ ಹತ್ತು ದಾಟಿದ್ದಿಲ್ಲ; ಅವಳ ಮುಖ ಹಬ್ಬದಂತೆ ಬೆಳಗಿತ್ತು. ಕಾರಿಗೆ, ಅದೂ ಇನ್ನೂ ಬಂದಿಲ್ಲ ಎಂದು ತಿಳಿದಾಗ, ನಿಧಾನವಾಗಿ ವಾಪಸು ಹೋದಳು.

"ಒಲೆಗೆ ಅಸಿ ಸೌದೆ ಆಕಿದ್ರೆ ಇಂಗೇ ಆಗಾದು," ಎಂದು ಚಂದ್ರಯ್ಯ, ಶಾಖ ಕೊಟ್ಟು ಹೊಗೆಸೊಪ್ಪು ಹದಮಾಡುವ ತನ್ನ ಮನೆಯ ಲೆಕ್ಕ ಹೇಳಿದ. "ಸೌದೆ ಬದಲಾಯ್ಸು."

"ಬದಲಾಯಿಸಿದೆ. ಸೆನ್ಸರೂ ಬದಲಾಯಿಸಿದೆ."

ಸುಬ್ಬಮ್ಮ ಚಾವಣಿ ನೋಡುತ್ತ ಮಲಗಿದ್ದಳು. ಆಕೆಯ ರಕ್ತ ಕೊಳವೆಯಲ್ಲಿ ಹೊರಗೆ ಹೋಗಿ, ಸುತ್ತಾಡಿ, ತೊಳೆಸಿಕೊಂಡು ಒಳಗೆ ಬರುತ್ತಿತ್ತು. "ಅದ್ಕೇನು ಬುಡಪ್ಪ," ಅಂದಳು. "ಅದ್ರುದ್ ಸಾಮಾನು ಬೆಂಗ್ಳೂರಲ್ಲಿ ಸಿಕ್ತದೆ."

ಚಂದ್ರಯ್ಯ ಮುಖವನ್ನು ತನ್ನ ಯಂತ್ರದ ಕಡೆ ತಿರುಗಿಸಿಕೊಂಡ.

ಮುಂದಿನ ಸಲದ ಬೆಳಿಗ್ಗೆಯೇ ದಾರಿಗೆ ಗೇಟು ಅಡ್ಡ ಬಂದದ್ದು. ಹಾಸನದ ದಾರಿಯಲ್ಲಿ ರೈಲ್ವೆ ಗೇಟೊಂದಿದೆ. ರೈಲಿನ ಸಮಯವನ್ನು ಕಾಂತರಾಜು ಚೆನ್ನಾಗಿ ವಿಚಾರಿಸಿಕೊಂಡೇ ಹೊರಟಿದ್ದ. ಆದರೆ ಗೂಡ್ಸ್ ರೈಲಿಗೆ ಸಮಯವಿಲ್ಲ. ಅವನ ಕಣ್ಣೆದುರಿಗೇ ಗೇಟು ಇಳಿಯಿತು. ಮುಂದೆ ಹಾಲಿನ ಟೆಂಪೋ, ಹಿಂದೆ ಶುಂಠಿ ತುಂಬಿದ ಲಾರಿ.

ಕಾಂತರಾಜು ಆಕ್ಸಿಲರೇಟರನ್ನು ಒತ್ತಿ ಹಿಡಿದ. ಎಂಜಿನ್ನು ಭೋರ್ಗರೆಯಿತು. ಗೂಡ್ಸ್ ರೈಲು ಬಂತು, ಬರುತ್ತಲೇ ಇತ್ತು. ಅವನ ಕಾಲಿಗೆ ಜೋಮು ಹಿಡಿಯಿತು. ಕಾಲು ಬದಲಿಸಲೆಂದು ಎತ್ತಿದ. ಎಂಜಿನ್ನಿನ ಸದ್ದು ಇಳಿಯಿತು, ಅಷ್ಟು ಹೊತ್ತು ಭೋರ್ಗರೆದು ಕಾದಿದ್ದರಿಂದಲೋ ಏನೋ ಈ ಸಲ ನಡುಗುತ್ತಲೇ ಓಡಿತು, ಅದೇ ಹೊತ್ತಿಗೆ ರೈಲಿನ ಕೊನೆಯ ಡಬ್ಬಿಯೂ ದಾಟಿತು. ಆ ನಿಶ್ಶಬ್ದದಲ್ಲಿ ಕಾರಿನ ಮುಂಭಾಗದಿಂದ ಒಂದು ದನಿ ಕೇಳಿಬಂತು.

"ಉಸ್ಸ್ಸ್..."

ಸುಬ್ಬಮ್ಮನ ಕಣ್ಣು ಮಂಜಾದರೂ ಕಿವಿ ಚುರುಕು. "ಲೇ ಕಾಂತ! ಆವು ಕಣ್ಲಾ!"

ಆ ಒಂದು ಪದಕ್ಕೆ ರಸ್ತೆಯಲ್ಲಿದ್ದ ಎಲ್ಲ ಗಾಡಿಗಳ ಬಾಗಿಲೂ ತೆರೆದವು. ಇನ್ನೊಂದು ರೈಲು ಬರಬೇಕಿದ್ದುದರಿಂದ ಗೇಟು ಎತ್ತಲಿಲ್ಲ. ಜನರಿಗೆ ಬೇರೆ ಕೆಲಸವೂ ಇರಲಿಲ್ಲ.

"ಕೊಳಕುಮಂಡ್ಲ. ಅದೇ ಇಂಗೆ ಕುಕ್ಕರ್ ಥರ ಉಸುಗುಟ್ಟಾದು," ಅಂದ ಲಾರಿಯವನು.

"ಎಂಜಿನ್ ಆಫ್ ಮಾಡ್ಬ್ಯಾಡಿ, ತಣ್ಣಗಾದ್ರೆ ಮ್ಯಾಕೆ ಬತ್ತದೆ!"

"ಆನ್ ಮಡಗ್ಬ್ಯಾಡಿ, ಬಿಸಿಯಾದ್ರೆ ಒಳೀಕೆ ಬತ್ತದೆ!"

ಗೇಟಿನವನು ಹಸಿರು ಬಾವುಟ ಕಂಕುಳಲ್ಲಿ ಇಟ್ಟುಕೊಂಡು ಬಂದ. "ನೋಡಿ, ಹಾವು ರೋಡಿನ ಕಡೆ ಹೋದ್ರೆ ನಂಗೆ ಸಂಬಂಧ ಇಲ್ಲ. ಹಳಿ ಕಡೆ ಬಂದ್ರೆ ಮಾತ್ರ ನಾನು ಮೇಲಿನವರಿಗೆ ಫೋನ್ ಮಾಡ್ಬೇಕಾಗ್ತದೆ."

ಕಾಂತರಾಜು ಬಾನೆಟಿನ ಕೊಂಡಿ ಬಿಟ್ಟು ಕೆಳಗಿಳಿದ. ಲಾರಿಯವನು ಉದ್ದನೆಯ ಕೋಲಿನ ತುದಿಯಿಂದ ಬಾನೆಟ್ ಎತ್ತಿದ. ಗುಂಪು ಒಂದು ಹೆಜ್ಜೆ ಹಿಂದೆ ಸರಿದು ಇಣುಕಿತು.

ಹಾವಿರಲಿಲ್ಲ. ಎಂಜಿನ್ನಿನ ಮರೆಯಲ್ಲಿ, ಮಸಿಯಂತೆ ಕಪ್ಪಾಗಿ ಮುರುಟಿದ ನಿಂಬೆಹಣ್ಣೊಂದು, ಸುಟ್ಟು ಸೆಟೆದ ಮೆಣಸಿನಕಾಯಿಗಳ ನಡುವೆ ತೂಗಾಡುತ್ತಿತ್ತು. ಉಸ್ಸೆನ್ನುವ ಸದ್ದು ಅಲ್ಲಿಂದಲೇ ಬರುತ್ತಿತ್ತು.

ಗುಂಪು ಈ ಸಲ ಹತ್ತು ಹೆಜ್ಜೆ ಹಿಂದೆ ಸರಿಯಿತು. ಹಾವಾದರೆ ಹಿಡಿಯುವವರಾದರೂ ಸಿಗುತ್ತಾರೆ.

"ಮಾಟ," ಅಂದ ಹಾಲಿನವನು, ಪಿಸುದನಿಯಲ್ಲಿ.

"ಗಟ್ಟಿ ಮಾಟ. ಉಸಿರಾಡ್ತಾ ಅದೆ ನೋಡಿ."

"ಸಾ, ಇಷ್ಟ್ ಒಳಗೆ ಬಚ್ಚಿಟ್ಟವ್ರೆ ಅಂದ್ರೆ ಒರಗ್ನೋರಲ್ಲ. ಮನೇವ್ರೇ. ಯಾರ್ ಮ್ಯಾಲೆ ಅನುಮಾನ ನಿಮ್ಗೆ?"

ಕಾಂತರಾಜು ಒಣಗಿದ ತುಟಿ ಸವರಿಕೊಂಡ. "ನಾನೇ ಕಟ್ಟಿದ್ದು."

ಲಾರಿಯವನು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. "ನಿಮ್ಗೆ ನೀವೇ ಮಾಟ ಮಾಡ್ಕಂಡ್ರಾ, ಸಾ?"

ಕಾಂತರಾಜು ಬಗ್ಗಿ ನೋಡಿದ. ಬೈಂಡಿಂಗ್ ವೈರು ರಬ್ಬರ್ ಪೈಪನ್ನು ಕಚ್ಚಿ, ಕೊರೆದು, ಅರ್ಧ ಸೀಳಿತ್ತು. ಎಂಜಿನ್ನು ಗಾಳಿ ಎಳೆದುಕೊಳ್ಳುವ ಪೈಪು ಅದು. ಸೀಳಿದ ಜಾಗದಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತಿತ್ತು. ಸೆನ್ಸರು ಮೂಸಿದ್ದು ಸರಿ. ಮೀಟರು ತೋರಿಸಿದ್ದೂ ಸರಿ. ಪುಟ್ಟರಾಜು ಬೆರಳನ್ನು ಕಣ್ಣಿಗೊತ್ತಿಕೊಂಡದ್ದು, ನಟರಾಜು ಚಪ್ಪಲಿ ಬಿಟ್ಟದ್ದು, ಯಾಕೆಂದು ಅವನಿಗೆ ಈಗ ಹೊಳೆಯಿತು. ಇನ್ನೊಬ್ಬರು ದೃಷ್ಟಿಗೆ ಕಟ್ಟಿದ್ದನ್ನು ಯಾರು ತಾನೆ ಮುಟ್ಟುತ್ತಾರೆ? ಅವರೆಲ್ಲರೂ ಅದನ್ನು ನೋಡಿದ್ದರು. ಅದಕ್ಕೆ ತಗಲದಂತೆ, ಅದರ ಸುತ್ತಲೇ, ಬಹಳ ಮರ್ಯಾದೆಯಿಂದ ಹುಡುಕಿದ್ದರು.

"ಯಾರಾದರೂ ಒಂದು ಇಕ್ಕುಳ ಕೊಡ್ತೀರಾ? ಇದನ್ನ ತೆಗೀಬೇಕು," ಅಂದ ಕಾಂತರಾಜು. ಲಾರಿಯವನು ಇಕ್ಕುಳ ತಂದು, ದೂರದಿಂದಲೇ ನೆಲದ ಮೇಲಿಟ್ಟು, ಹಿಂದೆ ಸರಿದ.

ಆಗ ಕಾರಿನ ಬಾಗಿಲು ತೆರೆಯಿತು. ಸುಬ್ಬಮ್ಮ ಬಾಗಿಲನ್ನು, ಆಮೇಲೆ ಕಾರಿನ ಮೈಯನ್ನು ಹಿಡಿದುಕೊಂಡು, ಊದಿದ ಕಾಲುಗಳನ್ನು ಎಳೆಯುತ್ತ ಮುಂದೆ ಬಂದಳು. "ಯಾವ್ ನಿಂಬೆಣ್ಣು?" ಅಂದಳು. "ನಾನ್ ಮುಂದುಕ್ ಕಟ್ಟು ಅಂದಿದ್ನಲ್ಲ?"

ಕಾಂತರಾಜು ನೆಲದ ಮೇಲಿನ ಇಕ್ಕುಳ ಎತ್ತಿಕೊಂಡ.

"ನಾಚ್ಕೆ ಆಯ್ತೇನ್ಲಾ ನಿಂಗೆ?"

"ಅವ್ವ, ಅದು ಬಿಸಿ ಇದೆ, ನೀನು ಮುಟ್ಟಬೇಡ."

"ನಂದು. ನಾನೇ ತೆಗೀತೀನಿ." ಸೆರಗಿನ ತುದಿಯಲ್ಲಿ ಹಿಡಿದು, ತಡವಿ, ವೈರಿನ ತಿರುಚನ್ನು ಮಗನ ಕೈಯಿಂದ ಕಸಿದ ಇಕ್ಕುಳದಿಂದ ಬಿಚ್ಚಿದಳು. ವೈರು ಸಡಿಲವಾದೊಡನೆ ಸೀಳು ಬಾಯ್ತೆರೆಯಿತು. ಉಸ್ಸೆಂಬುದು ಊಳಿಟ್ಟಂತಾಯಿತು, ಎಂಜಿನ್ನು ಎರಡು ಸಲ ನಡುಗಿ ನಿಂತಿತು.

ಸುಬ್ಬಮ್ಮ ಕರಿ ನಿಂಬೆಹಣ್ಣನ್ನು ಅಂಗೈಯಲ್ಲಿಟ್ಟುಕೊಂಡು ಆ ನಿಶ್ಶಬ್ದವನ್ನು ಕೇಳಿದಳು.

"ನಿಂತ್ಬುಡ್ತು," ಅಂದಳು. "ತಿರುಗ್ಸು ಮನೆಗೆ."

"ಅವ್ವ..."

"ನಾನೇನ್ ಏಳಿದ್ದೆ? ದಾರೀಲಿ ನಿಂತ್ರೆ ಓಗಾಕಿಲ್ಲ ಅಂದಿದ್ನಾ ಇಲ್ವಾ? ಆಸನುಕ್ಕೂ ಬ್ಯಾಡ, ಸೂಜಿನೂ ಬ್ಯಾಡ. ಮಾತು ಮಾತೇ."

ಕಾಂತರಾಜು ರಸ್ತೆಯ ನಡುವೆ, ಅವ್ವ ಮರಳಿ ಕೊಟ್ಟ ಇಕ್ಕುಳ ಹಿಡಿದುಕೊಂಡು, ಚಿಕ್ಕ ಹುಡುಗನಂತೆ ಅಳತೊಡಗಿದ. ಗುಂಪು ಪೆಚ್ಚಾಯಿತು. ಹಾವಿಗೆ, ಮಾಟಕ್ಕೆ ಅವರ ಹತ್ತಿರ ಮಾತಿತ್ತು, ಇದಕ್ಕೆ ಇರಲಿಲ್ಲ. ಗೇಟಿನವನು ಮೆಲ್ಲಗೆ ವಿಷಯ ಕೇಳಿ ತಿಳಿದುಕೊಂಡ. ಕಂಕುಳ ಬಾವುಟ ತೆಗೆದು, ಸರಿಯಾಗಿ ಸುತ್ತಿ, ಕೆಮ್ಮಿದ.

"ಅಜ್ಜಿ, ದಾರೀಲಿ ನಿಂತ್ರೆ ಅಂದ್ರಿ. ಸರಿ. ಈ ಲಾರಿ ನಿಂತದೋ ಇಲ್ವೋ?"

"ನಿಂತದೆ."

"ಹಾಲಿನ ಟೆಂಪೋ?"

"ಅದೂ ನಿಂತದೆ."

"ಗೇಟ್ ಹಾಕಿರೋನು ನಾನು. ಗೇಟ್ ಹಾಕ್ದಾಗ ನಿಂತ ಗಾಡಿ ನಿಂತಂಗಲ್ಲ, ಕಾಯ್ತಾ ಇರೋದು. ಇದು ದೇವ್ರು ನಿಲ್ಲಿಸಿದ್ದಲ್ಲ, ನಾನು. ಇದು ಲೆಕ್ಕಕ್ಕೆ ಬರಲ್ಲ."

"ಔದೌದು, ಬರಾಕಿಲ್ಲ!" ಎಂದಿತು ಇಡೀ ಗುಂಪು, ಏನೋ ಸಿಕ್ಕಿತೆಂಬ ಸಂತೋಷದಲ್ಲಿ.

"ಇದು ಮೋಸ," ಅಂದಳು ಸುಬ್ಬಮ್ಮ.

"ರೈಲ್ವೆ ರೂಲು ಅಜ್ಜಿ."

ಸುಬ್ಬಮ್ಮ ಅಂಗೈಯ ನಿಂಬೆಹಣ್ಣನ್ನು ಬೆರಳಿನಿಂದ ತಡವಿದಳು. ಆಮೇಲೆ ಮಗನ ಕಡೆ ತಿರುಗಿದಳು. "ಇಷ್ಟ್ ದಿನ ಇದ್ನ ನಿಲ್ಲುಸ್ತಿದ್ದಿದ್ದು ನನ್ ನಿಂಬೆಣ್ಣಾ?"

"ಹೌದವ್ವ."

"ದೇವ್ರಲ್ಲ?"

"ಅಲ್ಲ."

ಆಕೆ ನಿಂಬೆಹಣ್ಣನ್ನು ಬೇಲಿಯಾಚೆ ಎಸೆದಳು. ಸೊಂಟದ ಚೀಲಕ್ಕೆ ಕೈಹಾಕಿ, ಸೂಜಿ ತೆಗೆದ ಮೇಲೆ ಕೈಗೆ ಸುತ್ತುವ ಪ್ಲಾಸ್ಟರಿನ ಸುರುಳಿಯನ್ನು ಹೊರತೆಗೆದಳು. "ತಗಾ. ಬಿಗಿಯಾಗ್ ಸುತ್ತು. ಅದೊಂದು ಬತ್ತದಲ್ಲ ನಿಂಗೆ."

ಕಾಂತರಾಜು ಸುತ್ತಿದ. ಹಾಲಿನವನು ಚಾಲಕನ ಸೀಟಿನಲ್ಲಿ ಕೂತು ಎಂಜಿನ್ನು ಚಾಲೂ ಮಾಡಿ, ಹರಾಜು ಕೂಗುವವನಂತೆ ಮೀಟರು ಓದಿದ. "ಹದ್ನೇಳು! ಹದ್ನಾರು! ಇಳೀತದೆ, ಇಳೀತದೆ! ಹದ್ನೈದು! ಹದ್ನಾಕು ಪಾಯಿಂಟ್ ಏಳು! ಅಲ್ಲೇ ನಿಂತದೆ ಸಾ!" ಆ ಅಂಕಿ ಏನೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಎಲ್ಲರೂ ಚಪ್ಪಾಳೆ ಹೊಡೆದರು. ಎರಡನೆಯ ರೈಲೂ ದಾಟಿಹೋಯಿತು, ಗೇಟು ಎದ್ದಿತು.

ಆಸ್ಪತ್ರೆ ತಲುಪಿದಾಗ ಹೊತ್ತಾಗಿತ್ತು. ನರ್ಸಮ್ಮ ಗದರಿಸಿದಳು, ತೂಕ ನೋಡಿ ಇನ್ನಷ್ಟು ಗದರಿಸಿದಳು, ಸೂಜಿ ಚುಚ್ಚಿದಳು. ಚಂದ್ರಯ್ಯ ಅರ್ಧ ಮುಗಿಸಿ ಗೊರಕೆ ಹೊಡೆಯುತ್ತಿದ್ದ. ಹದಿನಾಲ್ಕು ಪಾಯಿಂಟ್ ಏಳನ್ನು ಬಾಯಲ್ಲಿಟ್ಟುಕೊಂಡು ಕಾಂತರಾಜು ಮಂಚದ ಪಕ್ಕ ಕಾದ. ಚಂದ್ರಯ್ಯನಿಗೆ ಎಚ್ಚರವಾಗಲಿಲ್ಲ.

ಹೊರಗೆ ಬಂದು ಪುಟ್ಟರಾಜುವಿಗೆ ಫೋನು ಮಾಡಿದ. "ಬಾನೆಟ್ಟಿನೊಳಗೆ ನಿಂಬೆಹಣ್ಣು ಕಟ್ಟಿತ್ತಲ್ಲಯ್ಯ, ಕಾಣಲಿಲ್ವೇ ನಿನಗೆ?"

"ಕಾಣ್ತು ಸಾ. ಅದೊಂದೇ ಸರಿಯಾಗಿತ್ತು ಅಂತ ಬುಟ್ಟೆ."

ಸಂಜೆ ಹಿಂದಿರುಗುವಾಗ ಸುಬ್ಬಮ್ಮ ಎಂದಿನಂತೆ ಹಿಂಡಿದ ಬಟ್ಟೆಯಾಗಿದ್ದಳು. ತಲೆ ಕಿಟಕಿಗೆ ಒರಗಿತ್ತು. ಗೇಟು ತೆರೆದಿತ್ತು. ರಸ್ತೆಯುಬ್ಬುಗಳ ಮೇಲೆ ಕಾರು ಮೆಲ್ಲಗೆ ಹತ್ತಿ ಮೆಲ್ಲಗೆ ಇಳಿಯಿತು. ಎಂಜಿನ್ನು ನಡುಗಲಿಲ್ಲ.

"ಎಷ್ಟ್ಲಾ?" ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಹದಿನಾಲ್ಕು ಪಾಯಿಂಟ್ ಏಳು."

"ಇನ್ಮ್ಯಾಲೆ ನಿಲ್ಲಾಕಿಲ್ವಾ ಇದು?"

"ಇಲ್ಲ ಅವ್ವ. ನಾಳೆ ಹೊಸ ಪೈಪು ಹಾಕಿಸಿಬಿಡ್ತೀನಿ."

ಸುಬ್ಬಮ್ಮ ಉದ್ದನೆಯ ಉಸಿರು ಬಿಟ್ಟಳು. "ಅಂಗಾರೆ ನಾಡಿದ್ದೂ ಬರ್ಲೇಬೇಕು ಅನ್ನು."

ಕಾಂತರಾಜು ಗೇರು ಬದಲಿಸಿದ. ಮೀಟರಿನ ಕೆಂಪು ಅಂಕಿ ಕತ್ತಲಾಗುತ್ತಿದ್ದ ಕಾರಿನೊಳಗೆ ಅಲುಗಾಡದೆ ಉರಿಯುತ್ತಿತ್ತು. ಊರು ಹತ್ತಿರ ಬಂದಾಗ, ಮಲಗಿದಳೆಂದುಕೊಂಡಿದ್ದ ಸುಬ್ಬಮ್ಮ ಮತ್ತೆ ಮಾತಾಡಿದಳು.

"ಲೇ, ಆ ಚಂದ್ರಯ್ಯಂಗೆ ನೀನ್ ಬಾಯ್ಬುಡ್ಬ್ಯಾಡ. ಅವ್ನು ಕೇಳ್ದಾಗ ನಾನೇ ಏಳ್ಬೇಕು."

"ಏನಂತ ಹೇಳ್ತೀಯ ಅವ್ವ?"

"ನಮ್ದು ನಾರ್ಮಲ್ ಬಂತು ಅಂತ."